79ನೇ ವಯಸ್ಸಲ್ಲಿ ಮೊದಲ ಸಲ ಅಸೆಂಬ್ಲಿಗೆ

ನಮ್ಮ ಟೊರೊಂಟೊದ ಸ್ಕಾರ್ಬರೋ ಕಡೆಯ ರಾಜಕಾರಣಿ ರೇಮಂಡ್ ಚೋ ಬಗ್ಗೆ ಬರೀಲೇಬೇಕು ಅನ್ನಿಸ್ತು. 1936ರಲ್ಲಿ ಕೊರಿಯಾದಲ್ಲಿ ಹುಟ್ಟಿದೋರು, ಕೆನಡಾಗೆ ಬಂದ ಹೊಸದ್ರಲ್ಲಿ ಹೋಟೆಲಲ್ಲಿ ಪಾತ್ರೆ ತೊಳ್ದು, ಆಮೇಲೆ ಓದಿ ಡಾಕ್ಟರೇಟೂ ಮಾಡ್ಕೊಂಡು, 1991ರಿಂದ ಹತ್ರಹತ್ರ 25 ವರ್ಷ ಟೊರೊಂಟೊದಲ್ಲಿ ಕೌನ್ಸಿಲರ್ ಆಗಿದ್ರು! ಕೌನ್ಸಿಲರ್ ಅಂದ್ರೆ ಗೊತ್ತಲ್ಲ, ಫುಟ್‌ಪಾತ್ ಮೇಲಿನ ಹಿಮ ತೆಗ್ದಿಲ್ಲ, ಕಸದ ಗಾಡಿ ಬಂದಿಲ್ಲ, ಪಾರ್ಕಲ್ಲಿ ಲೈಟ್ ಇಲ್ಲ, ಎಲ್ಲದಕ್ಕೂ ಜನ ಫೋನ್ ಹಚ್ಚೋದು ಅವ್ರ ಆಫೀಸಿಗೇ. 2014ರಲ್ಲಿ ಒಂಟಾರಿಯೋ ಪ್ರಾಂತ್ಯದ ಅಸೆಂಬ್ಲಿಗೆ ನಿಂತು ಸೋತ್ರು, ಬಿಡ್ಲಿಲ್ಲ, 2016ರ ಬೈ ಎಲೆಕ್ಷನ್‌ನಲ್ಲಿ ಗೆದ್ರು, 2018ರಲ್ಲಿ ಹಿರಿಯ ನಾಗರಿಕರ ಖಾತೆ ಮಂತ್ರಿನೂ ಆದ್ರು. ಆ ಛಲಕ್ಕೆ ನಿಜವಾಗ್ಲೂ ಕೈ ಮುಗೀಬೇಕು.

ಆದ್ರೆ ಅದೇ ವರ್ಷ ಅವ್ರ ಸರ್ಕಾರ, ಅದೂ ಸಿಟಿ ಎಲೆಕ್ಷನ್ ಪ್ರಚಾರ ನಡೀತಿರೋವಾಗ್ಲೇ, ಟೊರೊಂಟೊ ಕೌನ್ಸಿಲನ್ನ 47 ವಾರ್ಡಿಂದ 25ಕ್ಕೆ ಇಳಿಸ್ಬಿಡ್ತು. ಪ್ರೀಮಿಯರ್ (ನಮ್ಮ ಕಡೆ ಮುಖ್ಯಮಂತ್ರಿ ಇದ್ದ ಹಾಗೆ) ಡಗ್ ಫೋರ್ಡ್ ಕೂಡ ಅದೇ ಕೌನ್ಸಿಲಲ್ಲಿ ಕೂತು ಬಂದೋರೇ, ಅದಕ್ಕೇ ನಂಗೆ ಈಗ್ಲೂ ಬೇಜಾರು. ಒಂದೊಂದು ವಾರ್ಡಲ್ಲಿ ಲಕ್ಷ ಜನ ಆದ್ಮೇಲೆ ವಯಸ್ಸಾದೋರೊಬ್ರು ಹಿಮದ ಬಗ್ಗೆ ಫೋನ್ ಮಾಡಿದ್ರೆ ಕೂತು ಕೇಳೋಕೆ ಯಾರಿಗೆ ಟೈಮ್ ಇರತ್ತೆ ಹೇಳಿ?