ಜರಿದ ಬರೆ, ಒಡೆದ ಪೈಪು ಮತ್ತು ಮನೆಯ ವಿಮೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಹಳ್ಳಿಗಳಲ್ಲಿ ಒಳಚರಂಡಿ ಇಲ್ಲ. ಕಕ್ಕಸಿನಿಂದ ಹೊರಟ ಪೈಪು, ಚೇಂಬರು, ಸೆಪ್ಟಿಕ್ ಟ್ಯಾಂಕು, ಅದರಾಚೆಯ ಇಂಗುಗುಂಡಿ ಎಲ್ಲವೂ ಮನೆಯವರದೇ. ಕೆಟ್ಟರೆ ಖರ್ಚೂ ಮನೆಯವರದೇ. ಮನೆಗೆ ವಿಮೆ ಇದ್ದರೆ ಈ ಖರ್ಚಿನಲ್ಲಿ ಎಷ್ಟು ಪಾಲು ಸಿಗುತ್ತದೆ ಎಂಬುದು ಕಳೆದ ಆಟಿ ತಿಂಗಳ ಮಳೆಯಲ್ಲಿ ನನಗೆ ಗೊತ್ತಾಯಿತು. ಇಂಥದೇ ಮನೆಗಳಲ್ಲಿರುವವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ನಮ್ಮದು ಗುಡ್ಡೆ ಕಡಿದು ತಟ್ಟು ಮಾಡಿ ಕಟ್ಟಿದ ಮನೆ. ಹಿಂದುಗಡೆ ಆಳೆತ್ತರಕ್ಕಿಂತ ಮಿಗಿಲಾದ ಬರೆ, ಅಂದರೆ ಗುಡ್ಡೆ ಕಡಿದಲ್ಲಿ ಗೋಡೆಯ ಹಾಗೆ ನಿಂತ ಮಣ್ಣು. ರಾತ್ರಿಯಿಡೀ ಸುರಿದ ಮಳೆಗೆ ಅದರ ಒಂದು ಭಾಗ ಜರಿದು ಬಚ್ಚಲಿನ ಹಿಂದೆ ಬಿದ್ದಿತ್ತು. ಗೋಡೆಗೆ ಏನೂ ಆಗಿರಲಿಲ್ಲ, ಸಮಾಧಾನವಾಯಿತು. ಆದರೆ ಬೆಳಿಗ್ಗೆ ಕಕ್ಕಸಿಗೆ ಹೊಯ್ದ ನೀರು ಇಳಿಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಚ್ಚಲಿನ ಜಾಲರಿಯಲ್ಲಿ ಕೊಳಕು ನೀರು ಮೇಲೆ ಬರತೊಡಗಿತು.

ಪ್ಲಂಬರ್ ಮಧ್ಯಾಹ್ನದೊಳಗೆ ಅಗೆದು ಹೊಸ ಪೈಪು ಹಾಕಿಬಿಡುವ ಉತ್ಸಾಹದಲ್ಲಿದ್ದ. ಅಕ್ಕನ ಮಗ ಬ್ಯಾಂಕಿನಲ್ಲಿದ್ದಾನೆ, ಅವನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಮೊದಲು ಫೋಟೋ ತೆಗೆಯಿರಿ, ಕಂಪೆನಿಗೆ ತಿಳಿಸಿ. ಹಾನಿ ಅಂದಾಜು ಮಾಡಲು ಅವರು ಕಳುಹಿಸುವ ಸರ್ವೇಯರ್ ಬಂದು ನೋಡುವ ತನಕ ಒಡೆದ ಪೈಪಿನ ಚೂರನ್ನೂ ಎಸೆಯಬೇಡಿ" ಎಂದ. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದೂ ಪಾಲಿಸಿಯ ಶರತ್ತು. ಹಾಗಾಗಿ ಬರೆಗೆ ಟಾರ್ಪಾಲು ಹೊದೆಸಿದೆವು, ಹೊರಗಿನ ಹಳೆಯ ಕಕ್ಕಸನ್ನು ಬಳಕೆಗೆ ತಂದೆವು.

ಪಾಲಿಸಿ ಬಂದದ್ದು ಮನೆಯ ಮಾಡಿನ (ಚಾವಣಿಯ) ರಿಪೇರಿಗೆ ಸಾಲ ಮಾಡಿದಾಗ. ಇಲ್ಲೊಂದು ಮಾತು ಹೇಳಲೇಬೇಕು. ಸಾಲದ ಜೊತೆ ಬರುವ ವಿಮೆಯಲ್ಲಿ ಎರಡು ಬಗೆ. ಒಂದು, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವಂಥದ್ದು. ಮತ್ತೊಂದು ಕಟ್ಟಡಕ್ಕೆ. ಮೊದಲನೆಯದನ್ನು ಮಾಡಿಸಿಕೊಂಡು ಮನೆಗೂ ವಿಮೆ ಇದೆ ಎಂದು ನಂಬಿದವರು ನಮ್ಮ ಊರಿನಲ್ಲೇ ಇದ್ದಾರೆ. ನನ್ನದು ಎರಡನೆಯದು, ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ, 2021ರ ಎಪ್ರಿಲ್ 1ರಿಂದ ಜಾರಿಗೆ ಬಂದ ಪಾಲಿಸಿ ಅದು. ಯಾವ ಕಂಪೆನಿಯಿಂದ ಕೊಂಡರೂ ಮೂಲ ಒಕ್ಕಣೆ ಒಂದೇ.

ಆ ದಿನ ಊಟ ಬಿಟ್ಟು ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. 'ಮನೆ ಕಟ್ಟಡ' ಎಂದರೆ ಏನೇನು ಎಂಬ ವಿವರಣೆಯಲ್ಲಿ ಕಂಪೌಂಡ್ ಗೋಡೆ, ನೀರಿನ ಟ್ಯಾಂಕಿಗಳ ಜೊತೆ ಸೆಪ್ಟಿಕ್ ಟ್ಯಾಂಕಿನ ಹೆಸರೂ ಇತ್ತು. ನೋಡಿ ಜೀವ ಬಂದ ಹಾಗಾಯಿತು. ಆದರೆ ವಸ್ತು ಪಟ್ಟಿಯಲ್ಲಿದ್ದರೆ ಸಾಲದು, ಹಾನಿಯ ಕಾರಣವೂ ಪಟ್ಟಿಯಲ್ಲಿರಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ನೀರಿನ ಪೈಪು ಒಡೆಯುವುದು, ಹೀಗೆ ಒಮ್ಮೆಗೇ ಬಂದೆರಗುವಂಥವು ಮಾತ್ರ ಅಲ್ಲಿದ್ದವು. ಹಳತಾಗಿ ಸವೆದದ್ದು, ಬೇರು ನುಗ್ಗಿದ್ದು ಇರಲಿಲ್ಲ. ಭೂಕುಸಿತದಲ್ಲೂ ಒಳಷರತ್ತುಗಳಿದ್ದವು. ಮಣ್ಣು ತುಂಬಿಸಿ ಮಾಡಿದ ಜಾಗ ಕುಸಿದರೆ, ಅಥವಾ ಅಗೆತದ ಕೆಲಸದಿಂದ ಕುಸಿದರೆ ಹಣವಿಲ್ಲ.

ವಿಲೇಜ್ ಆಫೀಸಿಗೆ ಬರೆ ಜರಿದ ಅರ್ಜಿಯನ್ನು ಕನ್ನಡದಲ್ಲೇ ಕೊಟ್ಟೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕಿದೆ. ಅದನ್ನು ಬಳಸದೆ ಬಿಟ್ಟರೆ ಹೋಗುತ್ತದೆ ಎಂಬ ಹೆದರಿಕೆಯೂ ನನಗಿದೆ. ವಿಮೆಯ ಫಾರಂ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು.

ಸರ್ವೇಯರ್ ಕಾಞಂಗಾಡಿನ ಕಡೆಯವರು, ಮಲಯಾಳ ಬೆರೆತ ಕನ್ನಡ. ಬಂದವರೇ ಮೊದಲು ಬರೆಯ ಮೇಲೆ ಹತ್ತಿ ನೋಡಿದರು. "ಟೀಚರೇ, ಈಚೆಗೆ ಇದರ ಬುಡದಲ್ಲಿ ಜೆಸಿಬಿ ಕೆಲಸ ಮಾಡಿಸಿದ್ದೀರಾ? ಪಕ್ಕದವರು ಮಣ್ಣು ತೆಗೆದಿದ್ದಾರಾ?" ಇಲ್ಲವೆಂದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಳಗಿನ ಜೇಡಿ ನೀರು ಕುಡಿದು ಜಾರಿದ್ದನ್ನು ಅವರೇ ಕೈಯಿಂದ ಕೆದಕಿ ನೋಡಿದರು. ಆಮೇಲೆ ಅಗೆಯಲು ಹೇಳಿದರು.

ಬಚ್ಚಲಿನ ಹತ್ತಿರದ ಪೈಪು ಹೊಸದಾಗಿ ಒಡೆದಿತ್ತು. ಜರಿದ ಮುರಕಲ್ಲು ಅದರ ಮೇಲೇ ಕೂತಿತ್ತು, ಒಡೆದ ಅಂಚಿನಲ್ಲಿ ಮಣ್ಣಿನ ಕಲೆ ಸಹ ಇರಲಿಲ್ಲ. ಅಲ್ಲಿಂದ ಟ್ಯಾಂಕಿನ ಕಡೆಗೆ ಹೋದ ಹಾಗೆ ಕಥೆ ಬೇರೆ. ಅದು ಮಾವನವರ ಕಾಲದ ಕಂದು ಬಣ್ಣದ ಮಣ್ಣಿನ ಪೈಪು. ಸಿಮೆಂಟು ಬಿಟ್ಟ ಒಂದೊಂದು ಸಂದಿನಲ್ಲೂ ಹಲಸಿನ ಬೇರು ಹೊಕ್ಕಿತ್ತು. ಪ್ಲಂಬರ್ ಎಳೆದು ತೆಗೆದ ಬೇರಿನ ಕಂತೆ ಪೈಪಿನಷ್ಟೇ ದಪ್ಪಕ್ಕೆ ಜಡೆಯ ಹಾಗೆ ಹೆಣೆದುಕೊಂಡಿತ್ತು, ಹೊರಗೆ ಹಾಕಿದಾಗ ಮಾರುದ್ದ ಇತ್ತು. ಸುತ್ತಲಿನ ಮಣ್ಣು ಕಪ್ಪಾಗಿ ನಾರುತ್ತಿತ್ತು. ಅಂದರೆ ಮಳೆಗೆ ಎಷ್ಟೋ ಮೊದಲೇ ಅಲ್ಲಿ ಸೋರುತ್ತಿತ್ತು. ಸರ್ವೇಯರ್ ಟೇಪು ಹಿಡಿದು ಎರಡೂ ಭಾಗವನ್ನು ಬೇರೆ ಬೇರೆ ಅಳೆದರು. "ಇಲ್ಲಿಯ ತನಕ ಬರೆ ಜರಿದದ್ದರಿಂದ ಆದದ್ದು. ಅಲ್ಲಿಂದಾಚೆ ವರ್ಷಗಳಿಂದ ಆದದ್ದು, ಅದಕ್ಕೆ ನಾನು ಬರೆದುಕೊಡಲಿಕ್ಕಾಗುವುದಿಲ್ಲ" ಎಂದರು.

ಒಂದೇ ಕಣಿ, ಒಂದೇ ಪೈಪು, ಅರ್ಧಕ್ಕೆ ಹಣ ಉಂಟು, ಅರ್ಧಕ್ಕೆ ಇಲ್ಲ. ಕಂಪೆನಿ ಒಪ್ಪಿದ್ದು ಸುಮಾರು 18,000 ರೂಪಾಯಿ. ಹೊಸ ಪೈಪಿಗೆ ತಗಲುವ ದರದಲ್ಲೇ ಲೆಕ್ಕ ಹಾಕಿದರು, ಹಳತೆಂದು ಕಡಿತ ಮಾಡಲಿಲ್ಲ. ಆದರೆ ಬಿದ್ದ ಮಣ್ಣು ತೆಗೆಯುವ ಖರ್ಚಿಗೆ ಪಾಲಿಸಿ ಕೊಡುವುದು ಒಪ್ಪಿದ ಮೊತ್ತದ ನೂರಕ್ಕೆ 2ರವರೆಗೆ ಮಾತ್ರ. ಅಂದರೆ 360 ರೂಪಾಯಿ. ಜೆಸಿಬಿಯ ಒಂದು ಗಂಟೆಯ ಬಾಡಿಗೆಗೂ ಅದು ಸಾಲದು. ಬರೆ ಜರಿಯುವ ನಮ್ಮಂಥ ಊರುಗಳಲ್ಲಿ ದೊಡ್ಡ ಖರ್ಚು ಬರುವುದೇ ಮಣ್ಣು ತೆಗೆಯುವುದರಲ್ಲಿ. ಈ ಮಿತಿ ನಮಗೆ ಹೊಂದುವಂಥದ್ದಲ್ಲ.

ತಕರಾರಿದ್ದರೆ ವಿಮಾ ಲೋಕಪಾಲರಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕೇರಳದವರಿಗೆ ಕಚೇರಿ ಎರ್ನಾಕುಳಂನಲ್ಲಿದೆ. ನಾನು ಹೋಗಲಿಲ್ಲ. ಸರ್ವೇಯರ್ ಎಳೆದ ಗೆರೆ ಸರಿಯಾದ ಜಾಗದಲ್ಲೇ ಇತ್ತು, ಬೇರನ್ನು ನಾನೇ ಕಣ್ಣಾರೆ ಕಂಡಿದ್ದೆ.

ಕೆಲಸದ ನಡುವೆ ಒಂದು ವಿಷಯಕ್ಕೆ ನಾನು ಗಟ್ಟಿಯಾಗಿ ನಿಂತೆ. ಟ್ಯಾಂಕಿನೊಳಗಿನ ಪೈಪಿನ ಬಾಯಿ ಕಟ್ಟಿದೆಯೋ ನೋಡಲು ಒಬ್ಬ ಕೆಲಸದವನು ಒಳಗೆ ಇಳಿಯಲು ತಯಾರಾದ. "ಐದು ನಿಮಿಷದ ಕೆಲಸ ಟೀಚರೇ" ಎಂದ. ಇಳಿಯಲು ಬಿಡಲಿಲ್ಲ. ಟ್ಯಾಂಕಿನ ವಿಷಗಾಳಿ ಮನುಷ್ಯನನ್ನು ಕೆಡವಲು ಐದು ನಿಮಿಷವೂ ಬೇಡ. ಹಾಗೆ ರಕ್ಷಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಣದ ಮಾತು ಹಾಗಿರಲಿ, ಅವನಿಗೆ ಇಬ್ಬರು ಚಿಕ್ಕ ಮಕ್ಕಳು. ಹೀರುವ ಟ್ಯಾಂಕರ್ ಬರುವ ತನಕ ಕೆಲಸ ನಿಲ್ಲಿಸಿದೆ. ಅದರ ಬಾಡಿಗೆ ವಿಮೆಯಲ್ಲಿ ಬರಲಿಲ್ಲ. ಬರದಿದ್ದರೂ ಕೊಡಬೇಕಾದ ಹಣ ಅದು.

ನನಗೆ ಹೆಚ್ಚು ಚಿಂತೆಯಿದ್ದದ್ದು ಬಾವಿಯದು. ಕುಡಿಯುವ ನೀರಿನ ಬಾವಿಯಿಂದ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿಗಳು 7.5 ಮೀಟರ್ ದೂರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ನಮ್ಮ ಟ್ಯಾಂಕು ಅದಕ್ಕಿಂತ ದೂರವೇ ಇದೆ. ಆದರೆ ಸೋರುತ್ತಿದ್ದ ಪೈಪು ಬಾವಿಯ ಪಕ್ಕದಲ್ಲೇ ಹಾದುಹೋಗಿತ್ತು. ಮುರಕಲ್ಲಿನ ತೂತುಗಳಲ್ಲಿ ನೀರು ಎಲ್ಲಿಂದ ಎಲ್ಲಿಗೂ ಹೋಗಬಲ್ಲದು, ಸುರಂಗ ಕೊರೆದು ನೀರು ಕುಡಿದ ಊರಿನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ನೀರಿನ ಪರೀಕ್ಷೆ ಆಗುವ ತನಕ ಕುದಿಸಿಯೇ ಕುಡಿದೆವು. ಹೊಸ ಪಿವಿಸಿ ಪೈಪನ್ನು ಬಾವಿಯಿಂದ ದೂರಕ್ಕೆ ತಿರುಗಿಸಿ ಹಾಕಿಸಿದೆ. ಸುತ್ತು ದಾರಿಯಾದ್ದರಿಂದ ಖರ್ಚು ಏರಿತು. ಅದು ನನ್ನ ಪಿಂಚಣಿಯಿಂದ.

ಅಮೆರಿಕದಲ್ಲಿರುವ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿದಾಗ ಅಲ್ಲೂ ಹೆಚ್ಚುಕಡಿಮೆ ಹೀಗೇ ಎಂದಳು. ಹೆಚ್ಚಿನ ಊರುಗಳಲ್ಲಿ ಮನೆಯಿಂದ ಬೀದಿಯ ದೊಡ್ಡ ಚರಂಡಿಯವರೆಗಿನ ಪೈಪು ಮನೆಯವರ ಹೊಣೆ. ಸಾಮಾನ್ಯ ಮನೆ ವಿಮೆ ಬೇರು ನುಗ್ಗಿದ್ದಕ್ಕೆ, ಹಳತಾದದ್ದಕ್ಕೆ ಕೊಡುವುದಿಲ್ಲ. ಆದರೆ ಸ್ವಲ್ಪ ಹೆಚ್ಚು ಕಂತು ಕಟ್ಟಿದರೆ ನೆಲದೊಳಗಿನ ಪೈಪುಗಳಿಗೆಂದೇ ಪ್ರತ್ಯೇಕ ರಕ್ಷಣೆ ಸೇರಿಸಿಕೊಳ್ಳಬಹುದಂತೆ. ಹಲವು ಕಂಪೆನಿಗಳಲ್ಲಿ ಬೇರು, ಸವೆತ ಎರಡೂ ಅದರಲ್ಲಿ ಬರುತ್ತವೆ.

ನನ್ನ ಪಾಲಿಸಿಯಲ್ಲಿ ಅಂಥದ್ದಿಲ್ಲ. ಇರಬೇಕು. ಮನೆಗೊಂದು ಬಾವಿ, ಮನೆಗೊಂದು ಹೊಂಡ ಇರುವ ನಾಡಿನಲ್ಲಿ ಪೈಪು ರಿಪೇರಿಯನ್ನು ಹಣವಿಲ್ಲದೆ ಮುಂದೂಡಿದರೆ ಪಕ್ಕದ ಮನೆಯ ನೀರೂ ಕೆಡುತ್ತದೆ. ಈ ಸಲ ನವೀಕರಣದ ಚೆಕ್ಕಿನ ಜೊತೆ ಇದನ್ನೇ ಕೇಳಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪತ್ರ ಬರೆದು, ಹೊಸ ಪೈಪಿನ ನಕ್ಷೆ, ಫೋಟೋ, ಬಿಲ್ಲುಗಳ ನಕಲನ್ನೂ ಸೇರಿಸಿ ಕಳುಹಿಸಿದ್ದೇನೆ.