ಬಲ್ಮಠದ ನಮ್ಮ ಸರ್ ಮತ್ತು ಬಾರ್ನಬ

ಮಂಗಳೂರಿನ ಬಲ್ಮಠದ ಕ್ರೈಸ್ತ ದೇವಶಾಸ್ತ್ರ ಕಾಲೇಜಲ್ಲಿ ಓದಿದವ್ರಿಗೆಲ್ಲ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಕಥೆ ಗೊತ್ತೇ ಇರುತ್ತೆ, ಹೊರಗಿನೋರಿಗೆ ಆ ಹೆಸರು ಕೇಳಿದ್ರೆ ನೆನಪಾಗೋದು 1843ರ ಮಂಗಳೂರ ಸಮಾಚಾರ ಪತ್ರಿಕೆ. ನಮ್ಮ ಸರ್ ಮಾತ್ರ ಪತ್ರಿಕೆ ವಿಷಯ ಎರಡು ಮಾತಲ್ಲಿ ಮುಗಿಸಿ ಮೋಗ್ಲಿಂಗ್ ಶಿಷ್ಯ ಆನಂದರಾವ್ ಕೌಂಡಿನ್ಯ ಅವ್ರ ಹತ್ರ ಬಂದ್ಬಿಡ್ತಿದ್ರು. 1844ರಲ್ಲಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾದ ಹುಡುಗ, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದ್ಕೊಂಡು ಬಂದು ಇದೇ ಮಂಗಳೂರಲ್ಲಿ ಬೇರೆಯವ್ರಿಗೆ ಕಲಿಸೋಕೆ ನಿಂತ್ರು. "ಮೋಗ್ಲಿಂಗ್ ಮಾಡಿದ ದೊಡ್ಡ ಕೆಲಸ ಇದು ಕಣಯ್ಯ" ಅಂತಿದ್ರು ಸರ್.

ಸರ್ ಹೆಸರು ಬರೀತಿಲ್ಲ, ಅವ್ರಿಗೆ ಅದು ಇಷ್ಟ ಆಗಲ್ಲ. ನಮಗೆ ಸತ್ಯವೇದದ (ಬೈಬಲಿನ) ಹೊಸ ಒಡಂಬಡಿಕೆ ಕಲಿಸ್ತಿದ್ರು. ಈಗ ಎಲ್ಲ ಕ್ರೈಸ್ತ ಸಭೆಗಳಲ್ಲೂ ಮೆಂಟರಿಂಗ್, ಶಿಷ್ಯತ್ವ ತರಬೇತಿ ಅಂತ ಪ್ರೋಗ್ರಾಂ ನಡೀತಾವೆ, ಫೈಲು ಸರ್ಟಿಫಿಕೇಟು ಎಲ್ಲ ಕೊಡ್ತಾರೆ, ನಡೀಲಿ ಒಳ್ಳೇದೇ, ಆದ್ರೆ ಒಬ್ಬ ಮನುಷ್ಯನನ್ನ ನಂಬಿಕೆಯಲ್ಲಿ ಬೆಳೆಸೋದು ಅಂದ್ರೆ ಏನು ಅಂತ ನಾನು ಕಣ್ಣಾರೆ ನೋಡಿದ್ದು ಸರ್ ಹತ್ರ.

ಭಾನುವಾರ ನಮ್ಮನ್ನ ಬೇರೆ ಬೇರೆ ಸಭೆಗಳಿಗೆ ಕಳಿಸ್ತಿದ್ರಲ್ಲ, ಒಂದ್ಸಲ ಸರ್ ನನ್ನ ಜೊತೆ ಬಂದಿದ್ರು. ಆರಾಧನೆ ಮುಗಿದ್ಮೇಲೆ ಸಭೆಯ ಒಬ್ರು ಅಜ್ಜಿ ಆಸ್ಪತ್ರೇಲಿದ್ದಾರೆ ಅಂತ ಗೊತ್ತಾಗಿ ಅಲ್ಲಿಂದ ನೇರ ಹೋದ್ವಿ. ಸರ್ ಹೋದವ್ರೇ ಸತ್ಯವೇದ ತೆಗೀಲಿಲ್ಲ, ಸ್ಟೂಲ್ ಎಳ್ಕೊಂಡು ಕೂತು ಅಜ್ಜಿ ಕೈ ಹಿಡ್ಕೊಂಡ್ರು, ಆಮೇಲೆ ಪಕ್ಕದಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ "ನೀವು ಊಟ ಮಾಡಿದ್ರಾಮ್ಮ" ಅಂದ್ರು. ಆಕೆ ಇಲ್ಲ ಅಂದಾಗ "ನೀವು ಹೋಗಿ ಊಟ ಮಾಡ್ಕೊಂಡು ಬನ್ನಿ, ನಾವು ಇಲ್ಲೇ ಇರ್ತೀವಿ" ಅಂತ ಕಳಿಸಿ, ಆಕೆ ವಾಪಸ್ ಬರೋವರೆಗೂ ಅಲ್ಲಾಡದೆ ಕೂತಿದ್ರು. ಕೊನೇಲಿ 23ನೇ ಕೀರ್ತನೆ ಓದಿ ಎರಡೇ ವಾಕ್ಯದ ಪ್ರಾರ್ಥನೆ. ಬಸ್ ಸ್ಟಾಪಲ್ಲಿ "ಏನ್ ನೋಡ್ದೆ?" ಅಂತ ಕೇಳಿದ್ರು, ನಾನು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡ್ರು. ಮುಂದಿನ ವಾರ ಅದೇ ಆಸ್ಪತ್ರೆ, ಅವ್ರು ಹೊರಗೆ ಬೆಂಚ್ ಮೇಲೆ ಕೂತು "ನೀನು ಹೋಗಿ ಬಾ" ಅಂದ್ರು. ಅದರ ಮುಂದಿನ ವಾರ ಅವ್ರು ಬರ್ಲೇ ಇಲ್ಲ.

ಕ್ಲಾಸಲ್ಲಿ ಹೊಸ ಒಡಂಬಡಿಕೆಯ ಬಾರ್ನಬನ ಪಾಠ ಮಾಡಿದಾಗ ಅವ್ರು ನಡ್ಕೊಳ್ಳೋ ರೀತಿ ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಮುಂದೆ ಪೌಲ ಅಂತ ಹೆಸರಾದ ಸೌಲ ಮೊದಲು ಕ್ರೈಸ್ತರನ್ನ ಹಿಂಸೆ ಮಾಡ್ತಿದ್ದವನು, ಅವನಂದ್ರೆ ಯೆರೂಸಲೇಮಿನ ಶಿಷ್ಯರೆಲ್ಲ ಹೆದರ್ತಿದ್ದಾಗ ಕೈ ಹಿಡ್ಕೊಂಡು ಅಪೊಸ್ತಲರ, ಅಂದ್ರೆ ಯೇಸುವಿನ ಮುಖ್ಯ ಶಿಷ್ಯರ ಹತ್ರ ಕರ್ಕೊಂಡು ಹೋದವನು ಬಾರ್ನಬ. ಆಮೇಲೆ ಅಂತಿಯೋಕ್ಯದಲ್ಲಿ ಕೆಲಸ ಜಾಸ್ತಿ ಆದಾಗ ತಾರ್ಸದ ತನಕ ಹುಡುಕ್ಕೊಂಡು ಹೋಗಿ ಕರ್ಕೊಂಡು ಬಂದು ಒಂದು ವರ್ಷ ಪೂರ್ತಿ ಜೊತೇಲಿ ಕೆಲಸ ಮಾಡಿದ. ಸ್ವಲ್ಪ ದಿನ ಆದ್ಮೇಲೆ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದಲ್ಲಿ ಪೌಲನ ಹೆಸರೇ ಮೊದಲು ಬರೋಕೆ ಶುರುವಾಗುತ್ತೆ, ಬಾರ್ನಬ ಹಿಂದೆ ಸರೀತಾನೆ. ಸುವಾರ್ತಾ ಪ್ರಯಾಣದಲ್ಲಿ ಅರ್ಧದಲ್ಲಿ ಬಿಟ್ಟು ಹೋದ ಮಾರ್ಕನ ವಿಷಯಕ್ಕೆ ಪೌಲನ ಜೊತೇನೇ ಜಗಳ ಆಗಿ ಬೇರೆಯಾದ್ರು, ಆದ್ರೂ ಬಾರ್ನಬ ಮಾರ್ಕನ ಕೈ ಬಿಡ್ಲಿಲ್ಲ, ಕುಪ್ರ ದ್ವೀಪಕ್ಕೆ ಕರ್ಕೊಂಡು ಹೋದ. ಕಡೆಗೆ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಬರೀವಾಗ ಮಾರ್ಕನನ್ನ ಕರ್ಕೊಂಡು ಬಾ, ಅವನು ನನಗೆ ಉಪಯೋಗ ಆಗ್ತಾನೆ ಅಂತಾನೆ. ಇದನ್ನ ಹೇಳುವಾಗ ಸರ್ ಧ್ವನಿ ಪ್ರತಿ ಸಲ ಸ್ವಲ್ಪ ಭಾರ ಆಗ್ತಿತ್ತು.

ಒಬ್ರನ್ನ ತಿದ್ದಬೇಕಾದ್ರೂ ಅವ್ರು ಎಲ್ರ ಮುಂದೆ ತಿದ್ದಿದ್ದು ನಾನು ನೋಡಿಲ್ಲ. ಹೊಸ ಒಡಂಬಡಿಕೆಯಲ್ಲೇ ಬರೋ ಅಪೊಲ್ಲೋಸ ಒಳ್ಳೇ ಮಾತುಗಾರ, ಆದ್ರೆ ಅವ್ನಿಗೆ ಗೊತ್ತಿದ್ದದ್ದು ಯೇಸುವಿಗಿಂತ ಮೊದಲು ಬಂದ ಯೋಹಾನನ ದೀಕ್ಷಾಸ್ನಾನ ಮಾತ್ರ, ಪ್ರಿಸ್ಕಿಲ್ಲ ಅಕ್ವಿಲ್ಲ ದಂಪತಿ ಅವನನ್ನ ಸಭೆ ಮಧ್ಯ ನಿಲ್ಲಿಸಿ ತಪ್ಪು ಎತ್ತಿ ಆಡ್ಲಿಲ್ಲ, ಪಕ್ಕಕ್ಕೆ ಕರ್ಕೊಂಡು ಹೋಗಿ ವಿವರಿಸಿದ್ರು. ನಾವು ಸಭೆಯಲ್ಲಿ ಪ್ರಸಂಗ (ಬೋಧನೆ) ಮಾಡಿದ್ಮೇಲೂ ಅಷ್ಟೇ, ಸರ್ ನಡ್ಕೊಂಡು ಬರುವಾಗ ಮೆಲ್ಲಗೆ "ಇವತ್ತು ಹೇಳಿದ್ರಲ್ಲಿ ನೀನು ಬದುಕಿ ತಿಳ್ಕೊಂಡಿದ್ದು ಯಾವ್ದು, ಬರೀ ಓದಿದ್ದು ಯಾವ್ದು?" ಅಂತಿದ್ರು. ಈ ಪ್ರಶ್ನೆ ಈಗ್ಲೂ ನನ್ನ ಜೊತೆ ಇದೆ.

ಇನ್ನೊಂದು ಹೇಳ್ಲೇಬೇಕು. ನಮ್ಮ ಸಭೆಗಳಲ್ಲಿ ಪ್ರಾರ್ಥನಾ ವಿಷಯ ಅಂತ ಹೇಳಿ ಯಾರ್ಯಾರದೋ ಮನೆ ಸಂಗತಿ ಹತ್ತು ಜನರ ಬಾಯಿಗೆ ಹೋಗುತ್ತೆ, ಆಮೇಲೆ ಯಾವ ಹುಡುಗ ಮನಸ್ಸು ಬಿಚ್ಚಿ ಮಾತಾಡ್ತಾನೆ ಹೇಳಿ? ನನ್ನ ಅಪ್ಪನ ಕುಡಿತದ ವಿಷಯ ಸರ್ ಹತ್ರ ಹೇಳ್ಕೊಂಡಿದ್ದೆ, ಅದು ಅವ್ರ ಮನೆಯವ್ರಿಗೂ ಗೊತ್ತಾಗ್ಲಿಲ್ಲ. ಹಾಗೇ, ಎಲ್ಲಾದಕ್ಕೂ ಅವ್ರನ್ನೇ ಕೇಳೋ ಅಭ್ಯಾಸಾನೂ ಬೆಳೆಸ್ಲಿಲ್ಲ. ಮದುವೆ, ಕೆಲಸ, ಊರು ಯಾವುದಕ್ಕೆ ಅಭಿಪ್ರಾಯ ಕೇಳಿದ್ರೂ "ನೀನು ಪ್ರಾರ್ಥನೆ ಮಾಡಿದ್ಯಾ, ನಿನಗೇನ್ ಅನ್ಸುತ್ತೆ" ಅನ್ನೋರು. ಪಾಸ್ಟರ್ ಹೇಳದೆ ಒಂದು ಹೆಜ್ಜೆ ಇಡದೇ ಇರೋರನ್ನ ನಾನು ಬೇಕಾದಷ್ಟು ನೋಡಿದೀನಿ, ಅದನ್ನ ಭಕ್ತಿ ಅಂತಾರೆ, ನನಗಂತೂ ಅದು ಬೆಳವಣಿಗೆ ನಿಂತು ಹೋದ ಲಕ್ಷಣ. ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಕೊರಿಂಥದ ಸಭೆಯವ್ರು ಕಚ್ಚಾಡ್ದಾಗ ಪೌಲ ಬರೆದದ್ದೂ ಇದನ್ನೇ ಅಲ್ವಾ, ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಅಂತ.

ನಮ್ಮ ಗದಗಿನ ಕಡೆ ಈಗ ನಾನು ಒಬ್ಬ ಹುಡುಗನ ಜೊತೆ ಬುಧವಾರ ಸಂಜೆ ಮಾರ್ಕನ ಸುವಾರ್ತೆ ಓದ್ತೀನಿ, ಗ್ಯಾರೇಜಲ್ಲಿ ಕೆಲಸ ಮಾಡೋ ಹುಡುಗ, ಬರುವಾಗ ಕೈಯಲ್ಲಿ ಗ್ರೀಸ್ ಹಾಗೇ ಇರುತ್ತೆ. ಮೊದಲು ನಾನೇ ಮಾತಾಡ್ತಿದ್ದೆ, ಈಗ ಅವ್ನು ಪ್ರಶ್ನೆ ಬರ್ಕೊಂಡು ಬರ್ತಾನೆ. ಮೊನ್ನೆ ಗ್ಯಾರೇಜಿನ ಇನ್ನೊಬ್ಬ ಹುಡುಗನ ಹತ್ರ ಇದೇ ಥರ ಓದೋಕೆ ಶುರು ಮಾಡಿದೀನಿ ಅಂದ, ನೀವು ಬರ್ತೀರಾ ಅಂತ ಕೇಳ್ದ. ಬೇಡ, ನೀನೇ ಮಾಡು ಅಂದೆ.