ನಿಮ್ಮ ತಮ್ಮನಿಗೆ ಏನು ಬರುತ್ತೆ?

ಮದುವೆ ಮನೆಯಲ್ಲಿ, ಅಂಗಡಿಯಲ್ಲಿ, ಹೊಸದಾಗಿ ಪರಿಚಯ ಆದವರು ನನ್ನ ತಮ್ಮನನ್ನು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳುವುದು ಇದನ್ನೇ. "ಇಂಥವರಿಗೆ ದೇವರು ಬೇರೆ ಏನಾದ್ರೂ ಕೊಟ್ಟಿರ್ತಾನಂತಲ್ಲ, ಇವನಿಗೆ ಏನು ಬರುತ್ತೆ? ಲೆಕ್ಕಾನಾ, ಹಾಡಾ?" ಸಿನಿಮಾದಲ್ಲಿ ಹಾಗೇ ತೋರಿಸ್ತಾರಲ್ಲ ಅಂತಲೂ ಸೇರಿಸುತ್ತಾರೆ.

ಅವನಿಗೆ ಈಗ 34 ವರ್ಷ. ಬೌದ್ಧಿಕ ಅಂಗವೈಕಲ್ಯ ಇದೆ. ಕಲಿಯುವುದು ನಿಧಾನ, ದುಡ್ಡಿನ ಲೆಕ್ಕ ಗೊತ್ತಾಗುವುದಿಲ್ಲ, ಹೊಸ ಜಾಗದಲ್ಲಿ ಗಾಬರಿಯಾಗುತ್ತಾನೆ. ಹಾಡೂ ಬರುವುದಿಲ್ಲ. ಹಾಗಂದ ಕೂಡಲೇ ಕೇಳಿದವರ ಮುಖ ಸಣ್ಣದಾಗುತ್ತದೆ. ಅದನ್ನು ನೋಡುವುದು ನನಗೆ ಬಹಳ ಕಷ್ಟ.

ಅವನು ಚಿಕ್ಕವನಿದ್ದಾಗ ಹುಡುಗರು ಅವನ ಮಾತನ್ನು, ನಡಿಗೆಯನ್ನು ಅಣಕಿಸುತ್ತಿದ್ದರು. ಆಗಿನ ಕಾಮಿಡಿ ಸೀನುಗಳಲ್ಲಿ ಪೆದ್ದ ಅಂದರೆ ನಗಿಸುವುದಕ್ಕೇ ಇರುವವನು, ಅಲ್ವಾ? 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲರನ್ನು ಕೀಳು ಮಾಡುವ ಹಾಸ್ಯವೇ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯವೇ ಬೇರೆ ಎಂದು ಸಿನಿಮಾದವರಿಗೆ ಹೇಳಿತು. ಅದನ್ನು ಓದಿದ ದಿನ ನನಗೆ ಆ ಹುಡುಗರೇ ನೆನಪಾದರು.

2003ರಲ್ಲಿ ಸುದೀಪ್ ಅವರ 'ಸ್ವಾತಿ ಮುತ್ತು' ಬಂತು, ನಾಯಕ ನನ್ನ ತಮ್ಮನಂಥವನೇ, ಮಗುವಿನ ಮನಸ್ಸಿನವನು. ಅದು ಟಿವಿಯಲ್ಲಿ ಬಂದ ಮೇಲೆ ಅಕ್ಕಪಕ್ಕದ ಮನೆಯವರು "ಪಾಪ, ಮಗು ಮನಸ್ಸು" ಎಂದು ಅವನನ್ನು ಕರೆದು ತಿಂಡಿ ಕೊಡಲು ಶುರುಮಾಡಿದರು. ಅಣಕಕ್ಕಿಂತ ಎಷ್ಟೋ ವಾಸಿ, ಆ ಸಿನಿಮಾದ ಋಣ ನನ್ನ ಮೇಲಿದೆ. ಆದರೆ ಮುಗ್ಧ ಅಂತ ಒಮ್ಮೆ ಹೆಸರಿಟ್ಟ ಮೇಲೆ ಅವನು ಸಿಟ್ಟು ಮಾಡಿಕೊಂಡರೆ, ಊಟ ಬೇಡ ಅಂದರೆ, ಟಿವಿ ರಿಮೋಟಿಗೆ ಜಗಳ ಆಡಿದರೆ ಎಲ್ಲರಿಗೂ ಗಾಬರಿ. ಅವನಿಗೆ ಸಿಟ್ಟು ನನಗಿಂತ ಜಾಸ್ತಿ.

ಇನ್ನು ಕೆಲವರು ನಿಮ್ಹಾನ್ಸಿಗೆ ತೋರಿಸಿದರೆ ವಾಸಿ ಆಗಲ್ವಾ ಅನ್ನುತ್ತಾರೆ. ಅವರಿಗೆ ಮಾನಸಿಕ ಕಾಯಿಲೆಯೂ ಇದೂ ಒಂದೇ. ಕಾಯಿಲೆ ಯಾವ ವಯಸ್ಸಿನಲ್ಲಾದರೂ ಬರಬಹುದು, ಚಿಕಿತ್ಸೆ ಇದೆ. ತಮ್ಮನದು ಚಿಕ್ಕಂದಿನಿಂದ ಬಂದದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಇವೆರಡು ಬೇರೆ ಬೇರೆ. 1971ರ 'ಶರಪಂಜರ'ದ ಕಾವೇರಿ ಹೆರಿಗೆ ಆದ ಮೇಲೆ ಕಾಯಿಲೆ ಬಿದ್ದು, ಗುಣವಾಗಿ ಮನೆಗೆ ಬರುತ್ತಾಳಲ್ಲ, ಅವಳನ್ನು ಮತ್ತೆ ಕೆಡವಿದ್ದು ಸುತ್ತಲಿನವರ ಅನುಮಾನದ ಕಣ್ಣು. ನೋಡಿ ಅತ್ತವರೇ ಮಾರನೇ ದಿನ ಯಾರನ್ನೋ ಹುಚ್ಚಿ ಅಂದದ್ದನ್ನೂ ಕೇಳಿದ್ದೇನೆ.

ನಮ್ಮ ಮನೆ ಅಂಗಳಕ್ಕೆ ಅಡಿಕೆ ಸುಲಿಯಲು ಬರುವ ಹೆಂಗಸರ ಕಥೆ ಬೇರೆ. ತಮ್ಮನ ಕೈಗೆ ಮೆಟ್ಟುಗತ್ತಿ ಕೊಡುವುದಿಲ್ಲ, ಒಮ್ಮೆ ಬೆರಳು ಕೊಯ್ದುಕೊಂಡಿದ್ದ. ಸುಲಿದ ಅಡಿಕೆಯ ಬುಟ್ಟಿಯನ್ನು ಹಂಡೆಯ ಹತ್ತಿರ ಒಯ್ಯುವುದು ಅವನ ಕೆಲಸ. ಬುಟ್ಟಿ ತುಂಬಿತೆಂದರೆ "ಎಲ್ಲಿ ಹೋದೆ ಮಾರಾಯ, ಬಾ" ಎಂದು ಕೂಗುತ್ತಾರೆ. ತಡವಾದರೆ ಬೈಯುತ್ತಾರೆ, ಅವನೂ ತಿರುಗಿ ಬೈಯುತ್ತಾನೆ. ಕೆಲವು ದಿನ ಅರ್ಧಕ್ಕೇ ಬಿಟ್ಟು ಹೋಗಿ ಮಲಗುತ್ತಾನೆ. ಇಷ್ಟು ವರ್ಷ ಒಟ್ಟಿಗೆ ಕೂತು ಕಾಫಿ ಕುಡಿದ ಅವರಲ್ಲಿ ಯಾರೂ ಇವನಿಗೆ ಏನು ಬರುತ್ತೆ ಎಂದು ನನ್ನನ್ನು ಕೇಳಿಲ್ಲ.

ಹಾಗಾಗಿ ಈಗ ಯಾರಾದರೂ ಕೇಳಿದರೆ, ಅವನನ್ನೇ ಕೇಳಿ, ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ ಅನ್ನುತ್ತೇನೆ.

ಹೋದ ತಿಂಗಳು ಶಿವಮೊಗ್ಗದಿಂದ ಇಬ್ಬರೂ ತೀರ್ಥಹಳ್ಳಿ ಬಸ್ಸು ಹತ್ತಿದ್ದೆವು. ಕಂಡಕ್ಟರುಗಳು ಯಾವಾಗಲೂ ನನ್ನ ಮುಖ ನೋಡಿ "ಇವರದ್ದು ಎಲ್ಲಿಗೆ?" ಅನ್ನುತ್ತಾರೆ. ಅವತ್ತು ಇದ್ದವನು ಸಣ್ಣ ಹುಡುಗ. ತಮ್ಮನ ಕಡೆ ಬಗ್ಗಿ "ಎಲ್ಲಿಗೆ ಅಣ್ಣ?" ಎಂದ. ತಮ್ಮ ಕಿಟಕಿ ನೋಡಿದ, ಕೈ ನೋಡಿಕೊಂಡ. ನಾನು ಬಾಯಿ ತೆರೆದೆ, ಹುಡುಗ ಇರಿ ಎಂದು ಕೈಸನ್ನೆ ಮಾಡಿದ. ಬಸ್ಸು ತುಂಬಿತ್ತು, ಹಿಂದಿನವರು ಚಿಲ್ಲರೆ ಹಿಡಿದು ಕಾಯುತ್ತಿದ್ದರು, ಆದರೂ ಅವನು ಅಲ್ಲಾಡಲಿಲ್ಲ.

"ಮಂಡಗದ್ದೆ," ಎಂದ ತಮ್ಮ. "ಎರಡು."

ನಾವು ಇಳಿಯುವವರೆಗೂ ಎರಡೂ ಟಿಕೆಟು ಅವನ ಕೈಯಲ್ಲೇ ಇದ್ದವು. ನಾನು ಕೇಳಿದರೂ ಕೊಡಲಿಲ್ಲ.